ಮದುವೆ ಮುಗಿದ ಮೇಲೆ ಉಳಿದ ಟೇಪು

ಕೇಬಲ್ ಲೈನಿಗೆ ಹೊಸದಾಗಿ ಸೇರಿದ ಹುಡುಗರು ನಾನು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಫಕ್ಕೀರಪ್ಪಜ್ಜಾ, ನಿಮ್ಮ ಕಾಲಕ್ಕ ಈ ಕೆಲಸ ಹ್ಯಾಂಗಿತ್ರಿ?" ಅವರ ಕೈಯಲ್ಲಿ ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿ, ಅದನ್ನು ಜೋಡಿಸಲು ತಾನೇ ಲೆಕ್ಕ ಹಾಕುವ ಯಂತ್ರ. ನಮ್ಮ ಕೈಯಲ್ಲಿ ಒಂದು ಪಕ್ಕಡ, ಹೆಗಲ ಮೇಲೆ ವೈರಿನ ಸುರುಳಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಆ ಚಪ್ಪಲಿಯೇ ನಮ್ಮ ಸುರಕ್ಷತೆ. ಲೈಟಿನ ಕಂಬದ ಮೇಲೆಯೇ ನಮ್ಮ ವೈರೂ ಹೋಗುತ್ತಿತ್ತು. ನಾನು ಎರಡು ಸಲ ಕಂಬದಿಂದ ಬಿದ್ದಿದ್ದೇನೆ, ಒಂದು ಸಲ ನೇರ ಎಮ್ಮೆಯ ಮೇಲೆ. ಎಮ್ಮೆ ನನಗಿಂತ ಹೆಚ್ಚು ಗಾಬರಿಯಾಗಿತ್ತು.

ನಿವೃತ್ತಿ ಎಂದರೆ ನಮ್ಮಂಥವರಿಗೆ ಶಾಲು, ಹಾರ ಏನೂ ಇಲ್ಲ. ಏಣಿ ಹತ್ತಲು ಮಂಡಿ ಒಪ್ಪದಾದಾಗ ಕೆಳಗಿಳಿದೆ, ಅಷ್ಟೇ. ಸವಣೂರಿನಲ್ಲಿ ಕೂತು ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರಿನವರೆಗೂ ಓಡಾಡಿದವನು ನಾನು. ಹಗಲು ಕೇಬಲ್, ಸೀಜನ್ನಿನಲ್ಲಿ ಮದುವೆ ವಿಡಿಯೊ. ಎರಡಕ್ಕೂ ಮಾಲಕರು ಒಬ್ಬರೇ. ಅವರನ್ನು ಗೌಡ್ರು ಎಂದೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ.

ಹುಡುಗರು "ಬರದು ಕೊಡ್ರಿ, ನಮಗ ಉಪಯೋಗ ಆಕ್ಕತಿ" ಎಂದಾಗ, ಮಳೆಗಾಲದಲ್ಲಿ ಲೈನು ಹೇಗೆ ಹುಡುಕಬೇಕು, ಮಂಗ ಕಚ್ಚಿದ ವೈರನ್ನು ಹೇಗೆ ಜೋಡಿಸಬೇಕು ಎಂದು ಬರೆಯುವ ಮನಸ್ಸಿತ್ತು. ಆದರೆ ಹೋದ ವರ್ಷ ನಡೆದ ಒಂದು ಸಂಗತಿಯಿಂದ ನನಗೆ ಬಡಿದ ಗರ ಇನ್ನೂ ಬಿಟ್ಟಿಲ್ಲ. ಅದನ್ನೇ ಬರೆಯುತ್ತೇನೆ. ಕಂಬದಿಂದ ಬೀಳದಿರುವುದನ್ನು ಯಾರಾದರೂ ಕಲಿಸುತ್ತಾರೆ. ಇದನ್ನು ಯಾರೂ ಕಲಿಸುವುದಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಎಲೆ ಹಾಕಿಕೊಳ್ಳುತ್ತ ಕಟ್ಟೆಯ ಮೇಲೆ ಕೂತಿದ್ದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು ಬಂದು ನಿಂತಳು. ಹೆಗಲಿಗೆ ಚೀಲ, ಕೈಯಲ್ಲಿ ಮೊಬೈಲು.

"ಕೇಬಲ್ ಫಕ್ಕೀರಪ್ಪ ಕಾಕಾ ನೀವs ಏನ್ರಿ?"

"ಹೌದವಾ. ಈಗ ಕೇಬಲ್ ಬಿಟ್ಟೇನಿ. ಕಂಪ್ಲೇಂಟ್ ಇದ್ರ ಆಫೀಸಿಗೆ ಹೋಗು."

"ಕಂಪ್ಲೇಂಟ್ ಅಲ್ರಿ. ನಾ ಹಿರೇಕೆರೂರಾಗ ನರ್ಸ್ ಅದೇನಿ. ಇದನ್ನೊಂದ್ಚೂರು ನೋಡ್ರಿ."

ಮೊಬೈಲಿನಲ್ಲಿ ಒಂದು ಹಳೆಯ ಕಾರ್ಟೂನು. ಬೂದು ಬಣ್ಣದ ಗಿಡ್ಡ ಕತ್ತೆ, ಅದರ ತಲೆಯ ಮೇಲೆ ಒಂದು ಕಾಗೆ. ನನ್ನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಇಪ್ಪತ್ತೈದು ವರ್ಷಕ್ಕೂ ಮೇಲಾಗಿತ್ತು ಆ ಕತ್ತೆಯನ್ನು ನೋಡಿ.

"ಗುರ್ತ ಹತ್ತಿತೇನ್ರಿ?"

"ಗಿಡ್ಡ್ಯಾ," ಎಂದೆ. "ಇದು ಗಿಡ್ಡ್ಯಾ. ಮ್ಯಾಲಿಂದು ಕಾಗಿ ಚಿಗವ್ವ."

ಅವಳ ಕಣ್ಣು ತುಂಬಿದವು. "ಸವಣೂರಿನವರು ಎಲ್ಲಾರೂ ಹಂಗs ಅಂತಾರ್ರಿ. ಆಗ ನೋಡಿದ ಹುಡುಗ್ರದು ಒಂದು ಗ್ರೂಪ್ ಐತ್ರಿ ಮೊಬೈಲ್ನ್ಯಾಗ, ನಾನೂ ಅದ್ರಾಗ ಅದೇನಿ. ದಿನಾ ಇದs ಮಾತು. ಯಾರೋ ಪುಣ್ಯಾತ್ಮ ಹುಡುಕಿ ಇದನ್ನ ಹಾಕ್ಯಾರ. ಆದ್ರ ಕಾಕಾ, ಇದ್ರಾಗ ಕಾಗಿ ಚಿಗವ್ವ ಅಲ್ಲರಿ. ಕಳ್ಳ ಐತ್ರಿ. ಕತ್ತೀದು ಹುಲ್ಲು ಕದ್ದು ಮಾರತೈತಿ. ಗ್ರೂಪಿನ್ಯಾಗ ಎಲ್ಲಾರೂ ದಂಗ ಬಡದ ಕುಂತಾರ. ಅವರು ನೋಡಿದ್ದ ಕತಿ ಯಾವುದ್ರಿ ಹಂಗಾರ?"

ನನಗೂ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಕಾಗೆ ಕಳ್ಳ! ನಮ್ಮೂರ ಮಕ್ಕಳೆಲ್ಲ ಯಾವ ಕಾಗೆಯನ್ನು ಚಿಗವ್ವ, ಚಿಕ್ಕಮ್ಮ ಎಂದು ಕರೆದು ಬೆಳೆದರೋ ಅದು ಕಳ್ಳ ಎಂದರೆ ನಂಬುವುದು ಹೇಗೆ?

"ಆ ಕತಿ ಹೇಳಿದಾಕಿ ಯಾರಂತ ನಮ್ಮ ದಾದಿ, ಅಪ್ಪನ ತಾಯಿ, ಸಾಯೂ ಮುಂದ ಹೇಳಿದ್ಲ್ರಿ," ಎಂದಳು. "ನಾ ಸಬೀನಾ. ಮುಮ್ತಾಜಳ ಮಗಳು."

ನಾನು ಕಟ್ಟೆಯಿಂದ ಎದ್ದು ನಿಂತೆ. ಯಾಕೆ ಎದ್ದೆನೋ ತಿಳಿಯದು.

"ಅಮ್ಮಿದು ಎರಡು ಫೋಟೋ ಅದಾವು. ದನಿ ಮಾತ್ರ ನನಗ ನೆನಪs ಇಲ್ಲ. ಅಪ್ಪನೂ ಹೋಗಿಬಿಟ್ಟ. ನಿಮ್ಮ ಹತ್ರ ಆ ಕ್ಯಾಸೆಟ್ ಅದಾವ ಏನ್ರಿ ಕಾಕಾ? ಒಂದs ಒಂದಿದ್ರೂ ಸಾಕು."

ಆ ಕ್ಯಾಸೆಟ್ಟುಗಳನ್ನು ಅಳಿಸಿದವನೇ ನಾನು. ಆದರೆ ಅವಳ ಮುಖ ನೋಡಿ "ಹುಡಕ್ತೇನಿ ತಂಗಿ," ಎಂದುಬಿಟ್ಟೆ. ಅವಳು ತನ್ನ ನಂಬರು ಬರೆದುಕೊಟ್ಟು ಖುಷಿಯಿಂದ ಹೋದಳು. ನಾನು ಸಂಜೆಯವರೆಗೆ ಆ ಚೀಟಿ ಹಿಡಿದು ಕೂತಿದ್ದೆ.

ಈಗ ಮೊದಲಿನಿಂದ ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ಯಾರೋ ವಿಡಿಯೊ ಲೈಬ್ರರಿ ಮುಚ್ಚುವಾಗ ಗೌಡ್ರು ಒಂದು ಗಂಟು ಕ್ಯಾಸೆಟ್ ಹೊತ್ತು ತಂದರು. ಅದರಲ್ಲಿ ಈ ಕತ್ತೆ-ಕಾಗೆಯವೂ ಇದ್ದವು. ಮೇಲೆ ಬರೆದ ಅಕ್ಷರ ಯಾವ ದೇಶದ್ದೋ. ಒಳಗಿನ ಮಾತು ಇಂಗ್ಲಿಷೂ ಅಲ್ಲ, ಹಿಂದಿಯೂ ಅಲ್ಲ. "ಮಕ್ಕಳು ನೋಡೂದು ಚಿತ್ರ, ಮಾತ್ ಯಾಕ್ ಬೇಕು?" ಎಂದು ಗೌಡ್ರು ನಮ್ಮ ಲೋಕಲ್ ಚಾನೆಲ್ಲಿನಲ್ಲಿ ಸಂಜೆ ಐದಕ್ಕೆ ಹಾಕಿಸಿದರು.

ಮೂರನೇ ದಿನವೇ ಜಗಳ ಬಂತು. ನಮ್ಮ ಕಂಟ್ರೋಲ್ ರೂಮು ಕಡಲೆಹಿಟ್ಟಿನ ಖಾರ ಕರಿದು ಮಾರುವವರ ಓಣಿಯಲ್ಲಿ ಒಂದು ಮಾಳಿಗೆಯ ಮೇಲಿತ್ತು. ಪಕ್ಕದ ಮನೆಯ ಸೊಸೆ ಮುಮ್ತಾಜ್, ಕಂಕುಳಲ್ಲಿ ಕೂಸು, ಸೆರಗಿಗೆಲ್ಲ ಕಡಲೆಹಿಟ್ಟು, ಮೆಟ್ಟಿಲು ಹತ್ತಿ ಬಂದಳು. ಹಿಂದೆ ಆಕೆಯ ಅತ್ತೆ.

"ಏನ್ರಿ ಫಕ್ಕೀರಪ್ಪಣ್ಣಾ, ಯಾವ ಭಾಷಾರೀ ಅದು? ಓಣ್ಯಾಗಿನ ಹುಡುಗ್ರೆಲ್ಲ ನಮ್ಮ ಮನ್ಯಾಗ ಟೀವಿ ನೋಡ್ತಾವು. 'ಕತ್ತಿ ಏನಂತು, ಕಾಗಿ ಏನಂತು' ಅಂತ ನನ್ನ ಜೀವಾ ತಿಂತಾವು. ನಾ ಖಾರ ಕರಿಯೂದು ಬಿಟ್ಟು ಕತಿ ಹೇಳ್ಕೋತ ಕುಂದರಬೇಕೇನು?"

"ಹೇಳವಾ ಹಂಗಾರ," ಎಂದೆ ಚೇಷ್ಟೆಗೆ. "ಮೈಕ್ ಐತಿ. ಊರಿಗೆಲ್ಲ ಹೇಳಿಬಿಡು."

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಮೈಕಿನ ಮುಂದೆ ಕೂತಳು. ಅಂದು ಅರ್ಧ ತಾಸು ಸವಣೂರಿನ ಟೀವಿಗಳಲ್ಲಿ ಆ ಪರದೇಶಿ ಕತ್ತೆ ನಮ್ಮ ಕಡೆಯ ಕನ್ನಡ ಮಾತಾಡಿತು. ಕಾಗೆ ಹುಲ್ಲಿನ ಕಟ್ಟು ಎತ್ತಿಕೊಂಡು ಹಾರಿದರೆ ಮುಮ್ತಾಜ್, "ಗಿಡ್ಡ್ಯಾ, ಮಳಿ ಬರೂವಂಗ ಐತಿ, ಹುಲ್ಲು ತೊಯ್ದಾವು, ನಾ ಎತ್ತಿಡತೇನಿ ತಡಿ" ಎಂದಳು. ಕತ್ತೆ ಬೆನ್ನಟ್ಟಿ ಓಡಿದರೆ, "ಚಿಗವ್ವಾ, ನಾನೂ ಬರ್ತೇನಿ" ಎಂದಳು. ಕದ್ದದ್ದನ್ನು ಹೀಗೆ ಕಾಪಾಡಿದ್ದು ಮಾಡಿಬಿಟ್ಟಿದ್ದಳು ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಮರುದಿನ ಊರಿಗೆ ಊರೇ ಹುಚ್ಚೆದ್ದಿತು. ಐದು ಗಂಟೆಗೆ ಮಕ್ಕಳು ಎಲ್ಲಿದ್ದರೂ ಓಡಿ ಬರುತ್ತಿದ್ದವು. ದನಿ ಯಾರದೆಂದು ಎಲ್ಲರೂ ಕೇಳಿದರು. ಆದರೆ ಅತ್ತೆ ಒಂದು ಕರಾರು ಹಾಕಿದ್ದಳು: "ಹೆಸರು ಹೊರಗ ಬರಬಾರ್ದು. ಬಂದ ದಿನ ಬಂದ್." ನಾನೂ ಗೌಡ್ರೂ ಮಾತು ಕೊಟ್ಟೆವು. ನನ್ನ ಹೆಂಡತಿಗೂ ಹೇಳಲಿಲ್ಲ. ಧಾರವಾಡದ ನಾಟಕದಾಕೆ ಎಂದು ಒಬ್ಬರು, ಬೆಂಗಳೂರಿನಿಂದ ಬರುತ್ತದೆ ಎಂದು ಇನ್ನೊಬ್ಬರು. ದನಿ ಮಾತ್ರ ಖಾರದ ಬಾಣಲೆಯ ಮುಂದಿನಿಂದ ಎದ್ದು ಬರುತ್ತಿತ್ತು.

ದಿನಾ ಬರುವುದು ಆಕೆಗೆ ಕಷ್ಟವಾಯಿತು. ಅದಕ್ಕೇ ರೆಕಾರ್ಡು ಮಾಡಿಡತೊಡಗಿದೆವು. ಒಂದು ವಿ.ಸಿ.ಆರ್.ನಲ್ಲಿ ಕಾರ್ಟೂನು ಓಡುವುದು, ಆಕೆ ಮೈಕಿನಲ್ಲಿ ಹೇಳುವುದು, ಇನ್ನೊಂದು ವಿ.ಸಿ.ಆರ್.ನಲ್ಲಿ ಎರಡೂ ಸೇರಿ ಅಚ್ಚಾಗುವುದು. ನಡುವೆ ನಿಲ್ಲಿಸಿದರೆ ಚಿತ್ರ ಜಿಗಿಯುತ್ತದೆ, ಹಾಗಾಗಿ ತಪ್ಪಿದರೂ ನಿಲ್ಲಿಸುವಂತಿಲ್ಲ. ಕೂಸು ಅಲ್ಲೇ ಮೂಲೆಯಲ್ಲಿ ಕೌದಿಯ ಮೇಲೆ ಆಡುತ್ತಿತ್ತು. ಅದು ಅತ್ತರೆ ನನಗೆ ಮೈಯೆಲ್ಲ ಉರಿ. ಆಗ ನಾನು ದೊಡ್ಡ ತಂತ್ರಜ್ಞ ಎಂಬ ಜಂಬ ನೋಡಿ! ಒಂದು ಚಿಟಿಕೆ ಸದ್ದಾದರೂ ರೇಗುತ್ತಿದ್ದೆ. ಮುಮ್ತಾಜ್ ನಗುತ್ತಿದ್ದಳು, ಅಷ್ಟೇ.

ಹೀಗೆ ಹನ್ನೊಂದು ಕ್ಯಾಸೆಟ್ಟುಗಳು ತುದಿಯವರೆಗೂ ತುಂಬಿದವು. ಮೂಲ ಕ್ಯಾಸೆಟ್ಟುಗಳನ್ನು ಗೌಡ್ರು ಯಾರಿಗೋ ದಾಟಿಸಿದರು.

ಆಮೇಲೆ ಆಕೆಗೆ ಕಾಮಾಲೆ ಆಯಿತು. ಔಷಧಿ ಕೊಟ್ಟರು, ಹುಬ್ಬಳ್ಳಿಗೆ ಒಯ್ದರು, ಇಪ್ಪತ್ತು ದಿನದಲ್ಲಿ ಎಲ್ಲ ಮುಗಿಯಿತು. ಇಪ್ಪತ್ತಾರರ ವಯಸ್ಸು. ಮಣ್ಣು ಮಾಡಿ ಬಂದ ದಿನ ನಾನು ಕಂಟ್ರೋಲ್ ರೂಮಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಐದು ಗಂಟೆಗೆ ಎದ್ದು ಕ್ಯಾಸೆಟ್ ಹಾಕಿದೆ. ಹಾಕದಿದ್ದರೆ ಮಕ್ಕಳು ಕೇಳುತ್ತವೆ, ಕೇಳಿದರೆ ಏನು ಹೇಳುವುದು? ಹೀಗೆ ಮೂರು ತಿಂಗಳು ಆ ಹನ್ನೊಂದನ್ನೇ ತಿರುವಿ ತಿರುವಿ ಹಾಕಿದೆ. ನಾನು ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಒಂದು ಸಂಜೆ ಆಕೆಯ ಗಂಡ ಇಸ್ಮಾಯಿಲ್ ಬಂದು ಬಾಗಿಲಲ್ಲಿ ನಿಂತ. ಎಲೆ ತೋಟದಲ್ಲಿ ದುಡಿಯುವ ಮನುಷ್ಯ, ಮಾತು ಕಡಿಮೆ. ಎಲೆ ಕಟ್ಟಿನ ಬುಟ್ಟಿ ಇನ್ನೂ ತಲೆಯ ಮೇಲೆಯೇ ಇತ್ತು.

"ಅಣ್ಣಾ, ನಾ ತ್ವಾಟದಿಂದ ಬರೂದು ಐದಕ್ಕ," ಎಂದ. "ಓಣಿ ತುಂಬ ಆಕಿ ಮಾತಾಡ್ತಾಳ. ಈ ಮನ್ಯಾಗೂ ಆಕಿ, ಆ ಮನ್ಯಾಗೂ ಆಕಿ. ನಮ್ಮ ಬಾಗಲಾ ತಗದ್ರ ಇಲ್ಲ. ಬಂದ್ ಮಾಡೋ ಮಾರಾಯಾ, ನಿನ್ನ ಕೈ ಮುಗೀತೇನಿ."

ದಿನಾ ಒಬ್ಬ ಮನುಷ್ಯನನ್ನು ಹೀಗೆ ಹಿಂಸಿಸಿದ್ದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಂದೇ ನಿಲ್ಲಿಸಿದೆ. ಹನ್ನೊಂದನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದೆ. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮರು ವರ್ಷ ಮದುವೆಯ ಸೀಜನ್ನು ಜೋರಾಯಿತು. ಹೊಸ ಕ್ಯಾಸೆಟ್ಟು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಗೌಡ್ರು ಟ್ರಂಕು ತೋರಿಸಿ, "ಅವು ಸುಮ್ನ ಬಿದ್ದಾವಲ್ಲ, ಬಳಸು" ಎಂದರು.

"ಗೌಡ್ರ, ಅದ್ರಾಗ ಆಕಿ..."

"ಆಕಿ ಗಂಡನs ಬ್ಯಾಡ ಅಂದಾನ. ನಡುವ ನಿಂದೇನು? ಲೇಬಲ್ ಕೆರದು ಹೊಸ ಕವರ್ ಹಾಕು."

ನಮ್ಮ ಕಸುಬಿನಲ್ಲಿ ಇದು ಮಾಮೂಲಿ. ಎಲ್ಲರೂ ಮಾಡುತ್ತಿದ್ದರು. ಹಳೆಯದರ ಮೇಲೆ ಹೊಸದು ಅಚ್ಚಾದರೆ ಹಳೆಯದು ಹೋಯಿತು. ನನ್ನ ಕೈಯಾರೆ ಒಂದೊಂದೇ ಹಾಕಿ ಕೆಂಪು ಗುಂಡಿ ಒತ್ತಿದೆ. ಬೇಡ ಎಂದು ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ. ಗೌಡ್ರ ಮೇಲೆ ಹಾಕಿ ಜಾರಿಕೊಳ್ಳುವುದು ಸುಲಭ, ಆದರೆ ಗುಂಡಿಯ ಮೇಲಿದ್ದದ್ದು ನನ್ನ ಬೆರಳು.

ಇಲ್ಲಿ ನನ್ನ ಇನ್ನೊಂದು ಫಜೀತಿ ಹೇಳಬೇಕು. ಕ್ಯಾಸೆಟ್ಟು ಮೂರು ತಾಸಿನದು. ಮದುವೆ ಎಷ್ಟು ಎಳೆದರೂ ಎರಡೂಕಾಲು ತಾಸು. ಉಳಿದ ಟೇಪಿನಲ್ಲಿ ಹಳೆಯದು ಉಳಿಯದಂತೆ ಅದರ ಮೇಲೆ ಬರೀ ಕಪ್ಪು ಅಚ್ಚು ಹಾಕಿ ಕೊಡುವುದು ಪದ್ಧತಿ. ಸೀಜನ್ನಿನ ಗಡಿಬಿಡಿಯಲ್ಲಿ ನಾನು ಆ ಮುಕ್ಕಾಲು ತಾಸು ಕಾಯುತ್ತ ಕೂಡುತ್ತಿರಲಿಲ್ಲ. "ಮದುವಿ ಮುಗದ ಮ್ಯಾಲೆ ಯಾರ್ ನೋಡ್ತಾರ?" ಎಂಬ ಸೋಮಾರಿತನ.

ಹಾನಗಲ್ಲಿನ ಒಂದು ದೊಡ್ಡ ಮನೆಯವರು ನೋಡಿದರು. ಬೀಗರನ್ನೆಲ್ಲ ಕರೆದು, ಉಪ್ಪಿಟ್ಟು ಶಿರಾ ಮಾಡಿ, ಕ್ಯಾಸೆಟ್ಟು ಹಚ್ಚಲು ನನ್ನನ್ನೇ ಕರೆಸಿದ್ದರು. ಎಲ್ಲ ಸಾಂಗವಾಗಿ ನಡೆಯಿತು. ಕೊನೆಗೆ ಮಗಳನ್ನು ಕಳಿಸಿಕೊಡುವ ದೃಶ್ಯ. ಮದುಮಗಳು ತಾಯಿಯ ಕೊರಳಿಗೆ ಬಿದ್ದು ಅಳುತ್ತಾಳೆ, ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿದ್ದಾರೆ. ಪಟ್ಟನೆ ಚಿತ್ರ ಒಮ್ಮೆ ನಡುಗಿತು. ಪರದೆಯ ತುಂಬ ಗಿಡ್ಡ್ಯಾನ ಮುಖ, ಮೇಲೆ ಕಾಗೆ: "ಅತ್ತು ಏನ್ ಮಾಡ್ತಿ ಕತ್ತಿ? ಹುಲ್ಲು ಅಲ್ಲೂ ಅಷ್ಟs, ಇಲ್ಲೂ ಅಷ್ಟs!"

ಬೀಗರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದರು. ಸೊಸೆಗೆ ಕತ್ತೆ ಎಂದರು, ತಮ್ಮ ಮನೆಯ ಅನ್ನಕ್ಕೆ ಹುಲ್ಲು ಎಂದರು ಎಂದು ಅವರ ಸಿಟ್ಟು. ನಾನು ಟೀವಿಯ ಮುಂದೆ ಅಡ್ಡ ನಿಂತು ಕೈ ಮುಗಿದೆ. ನನಗೆ ಬೈಗುಳಕ್ಕಿಂತ ಹೆಚ್ಚು ಬಡಿದದ್ದು ಆ ದನಿ. ಸತ್ತ ಹೆಣ್ಣುಮಗಳು ಆ ಗದ್ದಲದ ನಡುವೆ ನಗುನಗುತ್ತ ಮಾತಾಡುತ್ತಿದ್ದಳು. ಮನೆಯವರು ಅಲ್ಲೇ ಕೂರಿಸಿ, ಆ ತುದಿಯನ್ನು ಅಳಿಸಿಸಿಯೇ ನನ್ನನ್ನು ಬಿಟ್ಟರು. ಗೌಡ್ರು ಎಂಟು ದಿನ ಮುಖ ನೋಡಲಿಲ್ಲ. ಅಂದಿನಿಂದ ನಾನು ಕೊನೆಯ ಇಂಚಿನವರೆಗೂ ಕಪ್ಪು ಅಚ್ಚು ಹಾಕಿದೆ. ಬುದ್ಧಿ ಬಂದಿತ್ತು ನೋಡಿ!

ಸಬೀನಾ ಬಂದುಹೋದ ಎಂಟನೇ ದಿನ ಹಿರೇಕೆರೂರಿನ ಬಸ್ಸು ಹತ್ತಿದೆ. ಸುಳ್ಳು ಹೊಟ್ಟೆಯಲ್ಲಿಟ್ಟುಕೊಂಡು ಅನ್ನ ಇಳಿಯುತ್ತಿರಲಿಲ್ಲ. ಅವಳ ಕೆಲಸ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ.

"ಹನ್ನೊಂದೂ ಅಳಿಸೀರಿ?" ಎಂದಳು.

"ಹನ್ನೊಂದೂ."

"ನೀವs?"

"ನಾನs ತಂಗಿ. ಈ ಕೈಯಿಂದ."

ಅವಳು ತಲೆ ತಗ್ಗಿಸಿ ಚೀಲದ ಪಟ್ಟಿ ಸುತ್ತತೊಡಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ ಎಂದು ನಾನೇ ಬಡಬಡಿಸತೊಡಗಿದೆ. ಗೌಡ್ರು ಹೀಗಂದರು, ಸೀಜನ್ನು ಹಾಗಿತ್ತು, ನನಗೂ ಕಡಿಮೆ ಶಿಕ್ಷೆಯಾಗಿಲ್ಲ ಎಂದು ಹಾನಗಲ್ಲಿನ ಫಜೀತಿಯನ್ನೂ ಹೇಳಿದೆ. ಅವಳು ತಲೆ ಎತ್ತಿದಳು.

"ಕಾಕಾ, ತಡೀರಿ. ಆ ಹನ್ನೊಂದರಾಗ ಹಾನಗಲ್ಲಿಂದು ಎಷ್ಟನೇ ಮದುವಿ?"

"ಐದನೇದು."

"ಅದಕಿಂತ ಮೊದಲಿನ ನಾಕು? ಅವುಕ್ಕ ಕಪ್ಪು ಅಚ್ಚು ಹಾಕಿದ್ರೇನು?"

ಹಾಕಿರಲಿಲ್ಲ! ಹಾಕಿಯೇ ಇರಲಿಲ್ಲ! ಮೂವತ್ತು ವರ್ಷ ಆ ಕಸುಬು ಮಾಡಿದವನಿಗೆ ಹೊಳೆಯದ್ದು ಈ ನರ್ಸ್ ಹುಡುಗಿಗೆ ಒಂದು ಕ್ಷಣದಲ್ಲಿ ಹೊಳೆದಿತ್ತು. ನನ್ನ ಸೋಮಾರಿತನ ನಾಲ್ಕು ಮನೆಗಳ ಕಪಾಟಿನಲ್ಲಿ ಅವಳ ತಾಯಿಯನ್ನು ಕಾದಿಟ್ಟಿತ್ತು. ಕಾದಿಟ್ಟಿದ್ದರೆ.

ನಾಲ್ಕೂ ಮನೆ ನನಗೆ ನೆನಪಿದ್ದವು. ಶಿಗ್ಗಾವಿಯ ಬಟ್ಟೆ ಅಂಗಡಿಯವರು ಮನೆ ಕಟ್ಟಿಸುವಾಗ ಕ್ಯಾಸೆಟ್ಟುಗಳನ್ನೆಲ್ಲ ಗುಜರಿಗೆ ಹಾಕಿದ್ದರು. ಸವಣೂರಿನದು ಬೂಷ್ಟು ಹಿಡಿದು ಟೇಪು ಒಂದಕ್ಕೊಂದು ಅಂಟಿತ್ತು. ಬಿಡಿಸಲು ಹೋದರೆ ಪುಡಿಯಾಯಿತು. ಯಲವಿಗಿಯ ಸ್ಟೇಷನ್ ಹತ್ತಿರದ ಮನೆಯವರು ನಗುತ್ತ ಒಂದು ಸಿ.ಡಿ. ತಂದುಕೊಟ್ಟರು. "ನೋಡ್ರಿ, ನಾವು ಹುಷಾರು. ಎಂದೋ ಸಿ.ಡಿ. ಮಾಡಿಸೇವಿ." ಹಾಕಿ ನೋಡಿದೆವು. ಮದುವೆ ಮುಗಿಯಿತು, ಸಿ.ಡಿ.ಯೂ ಮುಗಿಯಿತು.

"ಕೊನೀಗ ಏನೋ ಕತ್ತಿ-ಗಿತ್ತಿ ಇತ್ರಿ," ಎಂದರು ಮನೆಯವರು. "ಅದನ್ನ ತಗಸಿ ಸ್ವಚ್ಛ ಮಾಡ್ಸೇವಿ. ಕ್ಯಾಸೆಟ್ ಒಗದ್ವಿ." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಬೀನಾ ಅವರಿಗೆ ಥ್ಯಾಂಕ್ಸ್ ಹೇಳಿ ಹೊರಗೆ ಬಂದು ರೈಲು ಹಳಿಯ ಕಡೆ ಮುಖ ಮಾಡಿ ನಿಂತಳು. ನನಗೆ ಅವಳನ್ನು ಕರೆಯುವ ಧೈರ್ಯವಾಗಲಿಲ್ಲ.

ಉಳಿದದ್ದು ಮಾಸೂರು. ಅಲ್ಲಿಯ ಸ್ಟ್ಯಾಂಡಿನ ಹತ್ತಿರ ಹಾಲವ್ವ ಎಂಬಾಕೆಯದು ಚಹಾದ ಅಂಗಡಿ. ನಾನು ವಿಡಿಯೊ ಮಾಡಿದ ಮದುವೆ ಆಕೆಯದೇ. ಫೋನು ಮಾಡಿ ಕೇಳಿದರೆ, "ಐತ್ರಿ, ಆದ್ರ ಅದನ್ನ ಕೈ ಬಿಟ್ಟು ಕೊಡಂಗಿಲ್ಲ" ಎಂದಳು. ಆಕೆಯ ಗಂಡ ತೀರಿಕೊಂಡು ನಾಲ್ಕು ವರ್ಷ. ಓಡಾಡುವ ಗಂಡ ಇರುವುದು ಆ ಒಂದರಲ್ಲೇ. ಕೊಡುವುದಿಲ್ಲ ಎಂದದ್ದು ನ್ಯಾಯವೇ. ಅದಕ್ಕೇ ನಾನು ಅಟ್ಟದ ಮೇಲಿದ್ದ ವಿ.ಸಿ.ಆರ್. ಇಳಿಸಿ, ಸಡಿಲಾದ ಬೆಲ್ಟ್ ಬದಲಿಸಿ, ಹೆಡ್ಡು ಒರೆಸಿ, ಟವೆಲ್ಲಿನಲ್ಲಿ ಸುತ್ತಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಸಬೀನಾ ಅಲ್ಲೇ ಬಂದು ಸೇರಿದಳು.

ಹಾಲವ್ವ ಕ್ಯಾಸೆಟ್ಟು ತಂದಿಟ್ಟಳು. ಕವರ್ ನೋಡಿ ಗಾಬರಿಯಾಯಿತು. ಎಣ್ಣೆ, ಚಹಾದ ಕಲೆ, ನೂರು ಕೈಯ ಗುರುತು.

"ಇಷ್ಟ್ಯಾಕ ಸವದೈತವಾ?"

"ಅಯ್ಯ, ಅದೊಂದ್ ದೊಡ್ಡ ಕತಿ ಬಿಡ್ರಿ," ಎಂದು ನಕ್ಕಳು. "ಗಿರಾಕಿ ಬರ್ಲಿ ಅಂತ ನಮ್ಮವರು ಅಂಗಡ್ಯಾಗ ಟೀವಿ ಇಟ್ಟಿದ್ರು. ಒಂದಿನ ನಮ್ಮ ಮದುವೀನs ಹಚ್ಚಿದ್ರು. ಕೊನೀಗ ಕತ್ತಿ ಬಂತು ನೋಡ್ರಿ! ಗದ್ದಿ ಕೆಲಸಾ ಮುಗಿಸಿ ಬಂದವ್ರು ಚಹಾ ಕುಡೀತಾ 'ಹಾಲವ್ವಾ, ನಿನ್ನ ಮದುವಿ ಸಾಕು, ಕತ್ತಿ ಹಚ್ಚು' ಅಂತಿದ್ರು. ನನ್ನ ಮಕ್ಕಳಂತೂ ಅಪ್ಪ ತಾಳಿ ಕಟ್ಟೂದನ್ನ ಓಡಿಸಿಬಿಡತಿದ್ವು. ವರ್ಷಗಟ್ಲೆ ಕತ್ತೀನs ನೋಡಿವಿ."

ಈ ಕಸುಬಿನವರಿಗೆ ಗೊತ್ತು: ಟೇಪು ಸವೆಯುವುದು ಹೆಚ್ಚು ನೋಡಿದ ಜಾಗದಲ್ಲೇ. ಅಳಿಸಿದರೆ ಹೋಗುವುದು ಒಂದು, ಪ್ರೀತಿಸಿದರೂ ಹೋಗುವುದು ಎಂದರೆ ಏನು ಮಾಡೋಣ?

ಪುಣ್ಯಕ್ಕೆ ಅಂಗಡಿಯ ಹೊಸ ಟೀವಿಯ ಹಿಂದೆ ವಿ.ಸಿ.ಆರ್.ನ ಹಳೆಯ ವೈರು ಸಿಕ್ಕಿಸುವ ತೂತುಗಳಿದ್ದವು. ಸಬೀನಾಗೆ ಮೊದಲೇ ಹೇಳಿದೆ: "ತಂಗಿ, ಈ ಟೇಪು ಎರಡನೇ ಸಲ ಓಡ್ತೈತೋ ಇಲ್ಲೋ ಹೇಳಾಕ ಬರಂಗಿಲ್ಲ. ಮೊಬೈಲ್ ಹಿಡಕೊಂಡು ನಿಲ್ಲು. ನಾ ಅಂದ ಕೂಡಲೇ ರೆಕಾರ್ಡ್ ಒತ್ತು." ಅವಳು ಟೀವಿಯ ಮುಂದೆ ಮೊಬೈಲ್ ಹಿಡಿದು ನಿಂತಳು. ಹಾಲವ್ವ ಒಲೆ ಸಣ್ಣ ಮಾಡಿದಳು.

ಮದುವೆಯ ಭಾಗ ನಿನ್ನೆ ತೆಗೆದಷ್ಟು ಸ್ವಚ್ಛ. ಹಾಲವ್ವ ಗಂಡನ ಮುಖ ನೋಡುತ್ತ ನಿಂತಳು. ಮದುವೆ ಮುಗಿಯಿತು, ಚಿತ್ರ ನಡುಗಿತು. "ಒತ್ತು," ಎಂದೆ. ಪರದೆಯ ತುಂಬ ಬಿಳಿಯ ಗೀರು, ಹಿಟ್ಟು ಚೆಲ್ಲಿದಂತೆ ಚುಕ್ಕೆ. ಕತ್ತೆಯೂ ಇಲ್ಲ, ಕಾಗೆಯೂ ಇಲ್ಲ. ಆದರೆ ಗೊರಗೊರ ಸದ್ದಿನ ಒಳಗಿನಿಂದ ಒಂದು ದನಿ ಎದ್ದು ಬಂತು.

"ಗಿಡ್ಡ್ಯಾ, ಎಲ್ಲಿ ಹೋಗಿದ್ದ್ಯೋ? ನಿನ್ನ ಹುಡುಕಿ ಹುಡುಕಿ ನನ್ನ ರೆಕ್ಕಿ ಸೋತ್ವು..."

ನಾನು ಸಬೀನಾಳ ಮುಖ ನೋಡಲಿಲ್ಲ. ನೋಡುವ ಹಕ್ಕು ನನಗಿಲ್ಲ ಅನಿಸಿತು. ಕತೆ ನಡೆಯಿತು. ನಡುವೆ ಎಲ್ಲೋ ಒಂದು ಕೂಸು ಅಳತೊಡಗಿತು. ಕಾಗೆಯ ದನಿ ಹೋಯಿತು. ಬೇರೆಯದೇ ದನಿ ಬಂತು, ಮೆತ್ತಗೆ, ಮೈಕಿನಿಂದ ಆಚೆ ತಿರುಗಿ ಹೇಳಿದ್ದು, ಮನೆಯ ಮಾತಿನಲ್ಲಿ: "ರೋ ನಕ್ಕೊ ಸಬ್ಬೂ, ರೋ ನಕ್ಕೊ ಮಾ. ಆಯಿ ಮೈ." ಅಳಬೇಡ ಸಬ್ಬೂ, ಬಂದೆ.

ಅದರ ಹಿಂದೆಯೇ ಒಬ್ಬ ಗಂಡಸು ಗದರಿದ: "ಏ ಯವ್ವಾ, ಆ ಕೂಸಿನ್ನ ಹೊರಗ ಒಯ್ಯಿ! ರೆಕಾರ್ಡ್ ಎಲ್ಲಾ ಕೆಟ್ಟು ಹೋತು!"

ಯಾರಿವನು ಇಷ್ಟು ಒರಟ ಎಂದು ಒಂದು ಕ್ಷಣ ಸಿಟ್ಟೇ ಬಂತು. ಆಮೇಲೆ ತಿಳಿಯಿತು. ಅದು ನಾನು. ಹಾಲವ್ವ ತಿರುಗಿ ನನ್ನನ್ನೇ ನೋಡಿದಳು. ಇಷ್ಟು ವರ್ಷದ ಬಳಿಕ ನನ್ನ ದನಿ ನನಗೇ ಕಪಾಳಕ್ಕೆ ಹೊಡೆದಂತೆ ಕೇಳಿತು. ಟೇಪು ಇನ್ನೆರಡು ಗಳಿಗೆ ಗೊರಗೊರ ಎಂದು ಮುಗಿಯಿತು.

"ರೆಕಾರ್ಡ್ ಆತೇನವಾ?" ಎಂದೆ.

ಸಬೀನಾ ಕೈಯಲ್ಲಿದ್ದ ಮೊಬೈಲು ನೋಡಿದಳು. ಮುಖ ಬಿಳುಚಿತು. "ಕಾಕಾ... ನಾ ಒತ್ತೇ ಇಲ್ರಿ. ದನಿ ಕೇಳಿದ ಕೂಡಲೇ ಎಲ್ಲಾ ಮರತ್ನಿ."

ಅಯ್ಯೋ ಶಿವನೇ! ಯಂತ್ರದಿಂದ ಟೇಪು ಹಿಂದಕ್ಕೆ ಓಡಿಸಿದರೆ ಹರಿಯಬಹುದು. ಕ್ಯಾಸೆಟ್ಟು ಹೊರಗೆ ತೆಗೆದು, ಕೆಳಗಿನ ಬೀಗ ಒತ್ತಿ ಹಿಡಿದು, ಬೆರಳಿನಿಂದ ಒಂದೊಂದೇ ಸುತ್ತು ಹಿಂದಕ್ಕೆ ತಿರುವಿದೆ. ಅಳಿಸಿದ್ದ ಅದೇ ಬೆರಳು. ಇಪ್ಪತ್ತು ನಿಮಿಷ ಹಿಡಿಯಿತು. ಅಂಗಡಿಗೆ ಬಂದ ಗಿರಾಕಿಗಳನ್ನು ಹಾಲವ್ವ ಕೈಸನ್ನೆಯಿಂದ ಹೊರಗೇ ಕೂರಿಸಿದಳು. ಈ ಸಲ ಮೊಬೈಲು ನಾನೇ ಇಸಿದುಕೊಂಡು, ಕೆಂಪು ಗುಂಡಿ ಒತ್ತಿ, ಒತ್ತಿದ್ದು ನಿಜವೇ ಎಂದು ಎರಡು ಸಲ ನೋಡಿ ಟೀವಿಯ ಹತ್ತಿರ ಹಿಡಿದೆ.

ಟೇಪು ಓಡಿತು. ನಮ್ಮ ಪುಣ್ಯ, ಕೊನೆಯವರೆಗೂ ಓಡಿತು.

ಮುಗಿದ ಮೇಲೆ ನಾನು ತಲೆ ತಗ್ಗಿಸಿ ಹೇಳಿದೆ: "ತಂಗಿ, ಕೊನೀಗ ನಾ ಬೈದದ್ದು ಐತಲ್ಲ, ಅದನ್ನ ಕತ್ತರಿಸಿ ಕೊಡತೇನಿ. ನಿಮ್ಮ ಅಮ್ಮಿ ಮಾತಿಗೆ ನಿಲ್ಲಲಿ."

"ಬ್ಯಾಡ್ರಿ ಕಾಕಾ," ಎಂದಳು. ಮೊಬೈಲು ಇಸಿದುಕೊಂಡು ಆ ಜಾಗವನ್ನೇ ಹುಡುಕಿ ನನ್ನ ಕಿವಿಗೆ ಹಿಡಿದಳು. "ನೀವು ಬೈದ ಮ್ಯಾಲಿಂದು ಕೇಳ್ರಿ."

ಕೇಳಿದೆ. ನನ್ನ ಗದರಿಕೆ. ಆಮೇಲೆ ಕುರ್ಚಿ ಸರಿದ ಸದ್ದು. ಬಳೆಯ ಸದ್ದು. ಕೂಸು ಇನ್ನೊಮ್ಮೆ ಬಿಕ್ಕಿತು.

"ಕೇಳಿದ್ರೇನು?" ಎಂದಳು ಸಬೀನಾ. "ಆಕಿ ನನ್ನ ಎತ್ತಿಕೊಂಡ್ಳು. ನಾ ಅಳೂದು ನಿಂತ್ತು."